ಫರಸಿ ಸಂದಿ

ವಾಡಿಯಾಗ ಸಿಮೆಂಟಿಗೇನು ಬರ ಇಲ್ಲ.
ಗಾಳ್ಯಾಗ ಅದ, ಒಣಗಾಕಿದ ಸಂಡಿಗಿ ಮ್ಯಾಲ ಅದ,
ಬೇವಿನ ಎಲಿ ಬೆರಳಿಂದ ಒರಸಿದ್ರ
ಅಡ್ಯಾಗ ಹಸರು ಇನ್ನಾ ಜೀವ ಹಿಡದದ.
ನಮ್ಮ ಮನ್ಯಾಗ ಮಾತ್ರ ಒಂದು ಚಿಟಿಕಿ ಇಲ್ಲ.
ಗ್ವಾಡಿ ಕಲ್ಲು ಮಣ್ಣು, ಮ್ಯಾಲ ಫರಸಿ,
ಫರಸಿ ನಡುವ ಸಂದಿ,
ಸಂದ್ಯಾಗ ಮುತ್ಯಾ ಮೆತ್ತಿದ ಸುಣ್ಣ
ಮಳಿಗೊಮ್ಮೆ ತುಸು ತುಸು ನೆಲಕ್ಕ ಇಳೀತದ.

ನಾನು ಚಂದಮ್ಮ. ಹದಿನೆಂಟು ವರ್ಷ ಪುಟ್ಟಿ ಹೊತ್ತೀನಿ.
ಕಲಬುರಗ್ಯಾಗ ಮೂರನೇ ಅಂತಸ್ತಿನ ತನಕ,
ಶಹಾಬಾದದಾಗ ಡಾಕ್ಟರ್ ಮನಿ, ನಾಲವಾರದಾಗ ಸಾಲಿ,
ಎಷ್ಟು ಸ್ಲ್ಯಾಬು ನನ್ನ ನೆತ್ತಿ ಹಾದು ಹೋದವು
ಸಿಂಬಿಗೇ ಗೊತ್ತು.
ಒಂದು ಸಿಮೆಂಟು, ಎರಡು ಉಸುಕು, ನಾಲ್ಕು ಖಡಿ,
ನಿದ್ದ್ಯಾಗ ಎಬ್ಬಿಸಿದ್ರೂ ಹೇಳ್ತೀನಿ.
ಥಾಪಿ ಮಾತ್ರ ಹಿಡದಿಲ್ಲ.
ಥಾಪಿ ಗೌಂಡಿದು, ಪುಟ್ಟಿ ಬಾಯಿದು.
ಲಾಡ್ಲೆಸಾಬಗ ಒಮ್ಮೆ ಕೇಳಿದ್ದೆ.
"ಪಗಾರ ಬದಲಾಗ್ತದವ್ವ" ಅಂತ ನಕ್ಕ.
ಅದೇನು ಸುಳ್ಳಲ್ಲ. ಅವಗ ಒಂಬೈನೂರು, ನನಗ ನಾನೂರು.

ಈ ಸಲ ಮಿರಗ ಕೂಡೂಕಿಂತ ಮೊದ್ಲ
ಜಗದೇವಿ ಬಚ್ಚಲ ಕಟ್ಟಿಸಿ ಉಳಿದ ಅರ್ಧ ಚೀಲ
ಕೇಳಿ ತಂದೆ, ಜರಡಿ ಹಿಡದು ಗಂಟು ಚೆಲ್ಲಿದೆ.
ಥಾಪಿಗೆ ಬಜಾರದಾಗ ನೂರಾ ಎಂಬತ್ತು.
"ಗೌಂಡಿಗೇನು?" ಅಂದ ಅಂಗಡ್ಯಾವ.
"ಹೂಂ, ಗೌಂಡಿಗೇ" ಅಂದೆ.

ರೊಟ್ಟಿ ಬಡದ ಕೈ, ಲಗೂನ ಕಲೀತದ ಅಂತ
ಯಾರೂ ಹೇಳಬ್ಯಾಡ್ರಿ.
ರೊಟ್ಟಿ ಕೈ ಮಾತು ಕೇಳ್ತದ.
ಮಾಲು ಥಾಪಿಗೆ ಅಂಟ್ತು, ಫರಸಿಗೆ ಅಂಟಲಿಲ್ಲ,
ಎಳದಲ್ಲಿ ಬಂತು, ಬಿಟ್ಟಲ್ಲಿ ನಿಲ್ಲಲಿಲ್ಲ.
ಮೂರು ಸಂದಿ ತುಂಬಿ, ನಡ ಹಿಡಕೊಂಡು ಇಳದೆ.
ಮರುದಿನ ನೋಡಿದ್ರ ಕೂದಲೆಳಿಯಂಥ ಸೀಳು.
ಉಗುರು ಹಾಕಿದೆ,
ಆರಿದ ಗಾಯದ ಹಕ್ಕಳಿಯಂಗ ಎದ್ದು ಬಂತು.

ಬಿಸಲಿಗೆ ಕಾದ ಫರಸಿ
ಮಾಲಿನ ನೀರೆಲ್ಲ ತಾನೇ ಕುಡದಿತ್ತು.
ಹದಿನೆಂಟು ವರ್ಷ ಗೌಂಡ್ಯಾರಿಗೆ ನೀರು ಹೊತ್ತು ಕೊಟ್ಟಾಕಿ,
ಯಾಕ ಕೊಡ್ತೀನಿ ಅಂತ ಕೇಳೇ ಇರಲಿಲ್ಲ.

ಎರಡನೇ ಸಲ ಉಳಿ ಹಚ್ಚಿ ಅಂಚು ಕಚ್ಚು ಮಾಡಿದೆ,
ಹಳೇ ಸುಣ್ಣ ಕೆದರಿದೆ.
ಸುಣ್ಣದ ಮ್ಯಾಲ ಬೆರಳಿನ ಗೆರಿ, ಉದ್ದಕ್ಕ ನಾಲ್ಕು.
ಮುತ್ಯಾಗೂ ಥಾಪಿ ಇದ್ದಿಲ್ಲೇನೋ.
ಒಂದು ತುಂಡು ತಗದು ಜಗಲಿ ಮ್ಯಾಲ ಇಟ್ಟೆ.
ರಾತ್ರಿ ನೀರು ಹನಿಸಿ
ಬೆಳ್ಳಿ ಮೂಡೋ ಹೊತ್ತಿಗೆ,
ಕಲ್ಲು ತಣ್ಣಗಿದ್ದಾಗ, ತುಂಬಿದೆ.

ನಳಕ್ಕ ನೀರು ನಾಲ್ಕು ದಿನಕ್ಕೊಮ್ಮೆ.
ಹಳೇ ಸೀರಿ ಐದು ತೋಯಿಸಿ ಸಂದಿಗುಂಟ ಹಾಸಿದೆ,
ಕೆಂಪು, ಹಳದಿ, ಒಂದು ನೀಲಿ ಜರದ್ದು.
ಹಾದ್ಯಾಗ ಜಗದೇವಿ ನಿಂತು, ಮ್ಯಾಲ ನೋಡಿ,
"ಯಾರ ಮದುವಿ ಚಂದಮ್ಮ?"
"ಕಲ್ಲಿಂದು" ಅಂದೆ.
ಹತ್ತು ದಿನ ಹಸಿ ಆರಗೊಡಲಿಲ್ಲ.
ಕುಡ್ಯಾಕ ಇಟ್ಟಿದ್ದ ಕೊಡದಾಗಿಂದೂ ಒಂದು ತಂಬಗಿ
ಮಗಳು ನೋಡದಂಗ ಒಯ್ದೀನಿ.

ಮಳಿ ಬಂತು, ರಾತ್ರಿ ಪಾಳಿ ಭೋಂಗಾ ಆದ ಮ್ಯಾಲ.
ನಾಲ್ಕು ಗಂಗಾಳ ಇಡೋ ಜಾಗದಾಗ ಒಂದೇ ಇಟ್ಟೆ.
ಮೂಲ್ಯಾಗಿನ ಸಂದಿ: ಟಪ್.
ಹತ್ತು ಎಣಸೂತನ ಸುಮ್ಮ.
ಟಪ್.
ಅಲ್ಲಿ ಉಳಿ ಸರಿ ಹೊಡದಿದ್ದಿಲ್ಲ. ಗೊತ್ತಿತ್ತು.
ಅವತ್ತು ಕೈ ಸೋತಿತ್ತು.

ಸೋಮಾರ ಮತ್ತ ಕೆಲಸಕ್ಕ ಹೋದೆ.
ಲಾಡ್ಲೆಸಾಬ ಪರಾಂಚಿ ಮ್ಯಾಲ ಕುಂತು
"ಮಾಲು ತಾ ಬಾಯಿ" ಅಂದ.
ಪುಟ್ಟಿ ಕೆಳಗಿಟ್ಟೆ, ಕೊಡಲಿಲ್ಲ.
ಮಳಿ ಹಿಂದಿನ ಬಿಸಲು ಕಣ್ಣಿಗೆ ಹೊಡೀತಿತ್ತು,
ಅವನ ಮುಂದಿನ ಇಟ್ಟಂಗಿ ಬೆಳ್ಳಗ ಒಣಗಿದ್ವು.
"ಮೊದ್ಲ ಅವಕ್ಕ ನೀರು ಕುಡಸ್ರಿ" ಅಂದೆ.

ಥಾಪಿ ಹಿಡಕೊಂಡೇ ನನ್ನ ಮಾರಿ ನೋಡಿದ.
ಆಮ್ಯಾಲ ಬಗ್ಗಿ
ನೀರಿನ ಡಬ್ಬಿ ತಗೊಂಡ.